ಒಂದೇ ಕೋಟಿನ ಗೃಹಸ್ಥರು

ಊರಿನವರ ಬಾಯಲ್ಲಿ ಅವನ ಹೆಸರು ‘ಅಲ್ಲಾಡ್ಬೇಡಿ’. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಅಂಗಡಿಯ ಬಾಡಿಗೆ ಕರಾರಿನಲ್ಲಿ ಬಿಟ್ಟರೆ ಇನ್ನೆಲ್ಲೂ ಉಪಯೋಗಕ್ಕೆ ಬಂದದ್ದಿಲ್ಲ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಕ್ಯಾಮೆರಾದ ಹಿಂದೆ ಕರಿ ಬಟ್ಟೆಯೊಳಗೆ ತಲೆ ತೂರಿಸಿ ಅಲ್ಲಿಂದಲೇ "ಅಲ್ಲಾಡ್ಬೇಡಿ!" ಎಂದು ಗದರಿದರೆ, ಎದುರಿಗೆ ಕೂತ ಪೊಲೀಸ್ ಸಾಹೇಬರೂ ಉಸಿರು ಬಿಗಿಹಿಡಿಯುತ್ತಿದ್ದರಂತೆ. ಹಾಗಂತ ಹೇಳುತ್ತಿದ್ದವನು ಅವನೇ, ಆದ್ದರಿಂದ ಅರ್ಧ ನಂಬಿದರೆ ಸಾಕು.

ಸ್ಟುಡಿಯೋದ ಆಸ್ತಿ ಎಂದರೆ ಒಂದು ಪರದೆ, ಒಂದು ಕುರ್ಚಿ, ಒಂದು ಕೋಟು, ಒಂದು ಕೈಗಡಿಯಾರ. ಪರದೆಯ ಮೇಲೆ ಅಮೃತಶಿಲೆಯ ಮೆಟ್ಟಿಲು, ಅದರಾಚೆ ಕೊಳ, ಕೊಳದಲ್ಲಿ ಎರಡು ಹಂಸ. ಬರೆದ ಪೇಂಟರಿಗೆ ಕೊನೆಯಲ್ಲಿ ಬಿಳಿ ಬಣ್ಣ ಸಾಲದೆ ಎರಡನೆಯ ಹಂಸಕ್ಕೆ ತಲೆಯೇ ಬಂದಿರಲಿಲ್ಲ. ಗಿರಾಕಿಯನ್ನು ಸರಿಯಾಗಿ ಅದರ ಮುಂದೆಯೇ ಕೂರಿಸುವುದು ನಮ್ಮ ಕಲಾವಿದನ ಮೊದಲ ಕೈಚಳಕ. ಕೋಟು ಕಪ್ಪಗಿತ್ತು, ಯಾವನೋ ದಢೂತಿಯ ಅಳತೆಯದು. ತೆಳ್ಳಗಿನವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡುತ್ತಿದ್ದ. ಗಡಿಯಾರ ನಿಂತು ಎಷ್ಟೋ ಕಾಲವಾಗಿತ್ತು, ಆದರೆ ಫೋಟೋದಲ್ಲಿ ಯಾವ ಗಡಿಯಾರ ತಾನೇ ಓಡುತ್ತದೆ? ಹಾಲಿನವನು ಬರಲಿ, ಮೇಷ್ಟ್ರು ಬರಲಿ, ಅದೇ ಕೋಟು ತೊಟ್ಟು, ಅದೇ ಗಡಿಯಾರ ಕಟ್ಟಿ, ಎಡಗೈ ತೊಡೆಯ ಮೇಲಿಟ್ಟು, ದೂರದಲ್ಲಿ ಏನೋ ದೊಡ್ಡ ಯೋಚನೆ ಕಂಡವರಂತೆ ಕೂರಬೇಕು. ಆಮೇಲೆ ಕೋಟು ಬಿಚ್ಚಿಕೊಟ್ಟು ಮೆಟ್ಟಿಲಿಳಿದು ಮತ್ತೆ ಹಾಲಿನವನಾಗಬೇಕು.

ಆದರೆ ಅವನ ನಿಜವಾದ ಹೆಮ್ಮೆ ಇದ್ದದ್ದು ಪೆನ್ಸಿಲಿನಲ್ಲಿ. ನೆಗೆಟಿವ್ ಎಂದರೆ ಎಲ್ಲ ತಿರುಗುಮುರುಗು, ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಅದರ ಮೇಲೆ ಚೂಪು ಪೆನ್ಸಿಲಿನಿಂದ ಸಣ್ಣಗೆ ತೀಡಿದರೆ, ಪ್ರಿಂಟು ಹಾಕಿದಾಗ ಆ ಜಾಗ ಬೆಳ್ಳಗಾಗಿ ಮಚ್ಚೆ, ಸುಕ್ಕು, ಗಾಯದ ಗುರುತು ಎಲ್ಲ ಮಂಗಮಾಯ. ಪೆನ್ಸಿಲಿಗೆ ಬಗ್ಗದ್ದಕ್ಕೆ ಸಣ್ಣ ಚಾಕು ಇತ್ತು. ಅದರಿಂದ ಹದವಾಗಿ ಕೆರೆದ ಜಾಗ ಪ್ರಿಂಟಿನಲ್ಲಿ ಕಪ್ಪಾಗುತ್ತಿತ್ತು, ಹಾಗೆ ಬೋಳುತಲೆಗೂ ಕೂದಲು ಬರಿಸುತ್ತಿದ್ದ. "ದೇವರು ಅವಸರದಲ್ಲಿ ಕೆಡಿಸಿದ್ದನ್ನ ನಾನು ನಿಧಾನವಾಗಿ ಸರಿ ಮಾಡ್ತೀನಿ" ಎನ್ನುವುದು ಅವನ ಮಾತು. ಬಟ್ಟೆಬರೆಗೆ, ಕೈಕಾಲಿಗೆ ಪೆನ್ಸಿಲು ಮುಟ್ಟಿಸಿದವನಲ್ಲ, ಮುಖಕ್ಕೆ ಮಾತ್ರ. ಗಿರಾಕಿಗಳು ಫೋಟೋ ಕೈಗೆ ಬಂದಾಗ "ಇದು ಯಾರದು ಸಾರ್?" ಎಂದು ಕೇಳಿದರೆ ಅದನ್ನು ಹೊಗಳಿಕೆ ಎಂದೇ ತಿಳಿದು ಬೀಗುತ್ತಿದ್ದ.

ಕೊನೆಗೆ ಎಲ್ಲರ ಕೈಗೂ ಫೋನು ಬಂತು. ಇವನು ರಾತ್ರಿ ಹಗಲೂ ಕೂತು ಮಾಡುತ್ತಿದ್ದ ಕೆಲಸವನ್ನು ಅದು ಒಂದು ಬೆರಳಿನಲ್ಲಿ ಮುಗಿಸಿಬಿಟ್ಟಿತು. ಸ್ಟುಡಿಯೋ ಖಾಲಿ ಮಾಡುವಾಗ ನೆಗೆಟಿವ್‌ಗಳ ಪೆಟ್ಟಿಗೆಗಳನ್ನು ಎಲ್ಲಿ ಹಾಕುವುದೆಂದು ತೋಚದೆ ಊರಿನ ಪರಂಪರೆಯ ಮ್ಯೂಸಿಯಮ್ಮಿಗೆ ಸಾಗಿಸಿ ಕೈತೊಳೆದುಕೊಂಡ. ‘ದಾನ ಮಾಡಿದೆ’ ಎಂದು ಹೇಳಿಕೊಂಡ. ಆ ಮ್ಯೂಸಿಯಮ್ಮಿನವರು ಈಗ ಅವುಗಳಲ್ಲಿ ಕೆಲವನ್ನು ಆರಿಸಿ, ಬಾಗಿಲಿನಷ್ಟು ದೊಡ್ಡದಾಗಿ ಮಾಡಿ, ‘ನಮ್ಮೂರ ಮುಖಗಳು’ ಎಂಬ ಪ್ರದರ್ಶನ ಇಟ್ಟಿದ್ದರು. ಅಲ್ಲಾಡ್ಬೇಡಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀದಿಯ ಮನೆ ಮನೆಗೂ ಹೋಗಿ ಕರೆದ. ಎಲ್ಲರೂ "ಬರೋಣ ಬರೋಣ" ಎಂದರು, ಆದಷ್ಟು ಬೇಗ ಬಾಗಿಲು ಹಾಕಿಕೊಳ್ಳಬೇಕಾದಾಗ ಜನ ಹೇಗೆ ಹೇಳುತ್ತಾರೋ ಹಾಗೆ.

ಬರುತ್ತೇನೆಂದು ಹೇಳಿ ನಿಜವಾಗಿಯೂ ಹೊರಟು ನಿಂತವಳು ಅವನ ಅಕ್ಕ ಒಬ್ಬಳೇ. ಇದು ಅವನಿಗೇ ನಂಬಲಾಗಲಿಲ್ಲ. ಅಕ್ಕ ಹಿಂದಿನ ಬೀದಿಯಲ್ಲಿ ಅಂಗಿ ಹೊಲಿದುಕೊಂಡು ಒಬ್ಬಳೇ ಇದ್ದವಳು, ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅವಳ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಕೇಳಿದ ಪುಣ್ಯಾತ್ಮರು ಇನ್ನೂ ಹುಟ್ಟಬೇಕಷ್ಟೆ. ಮಳೆ ಬಂದರೆ ಕೆಸರು ಎನ್ನುವಳು, ಬಾರದಿದ್ದರೆ ಧೂಳು ಎನ್ನುವಳು. ಬೇರೆ ದರ್ಜಿ ಹೊಲಿದ ಅಂಗಿ ತೊಟ್ಟು ಅವಳ ಮನೆಯ ಮುಂದೆ ಹಾದುಹೋಗುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

"ಅಂತೂ ಇಂತೂ ನನ್ನ ಕಲೆ ನೋಡ್ಬೇಕು ಅಂತ ಅನ್ನಿಸ್ತಲ್ಲ ಅಕ್ಕ ನಿಂಗೆ!" ಎಂದ ಬಸ್ ಸ್ಟಾಪಿನಲ್ಲಿ, ಇಸ್ತ್ರಿ ಹಾಕಿದ ಅಂಗಿಯೊಳಗೆ ಉಬ್ಬಿಕೊಂಡು.

"ನಿನ್ನ ಕಲೆ ಕಟ್ಕೊಂಡು ನನಗೇನಾಗ್ಬೇಕು? ನಿನ್ನ ಭಾವನ್ನ ನೋಡ್ಬೇಕು ಅಂತ ಬರ್ತಿದೀನಿ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅಕ್ಕ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ರಸ್ತೆಯ ಕಡೆಗೇ ನೋಡುತ್ತಿದ್ದಳು.

"ಮುಖ ಮರೆತುಹೋಗಿದೆಯೋ," ಎಂದಳು. "ಕಣ್ಮುಚ್ಚಿದ್ರೆ ಅಂಗಿ ಕಾಣ್ಸುತ್ತೆ, ಚಪ್ಪಲಿ ಕಾಣ್ಸುತ್ತೆ, ಬಾಗ್ಲಲ್ಲಿ ನಿಂತ ಬೆನ್ನು ಕಾಣ್ಸುತ್ತೆ. ಈ ಕಡೆ ತಿರುಗಿ ಅಂತೀನಿ. ತಿರುಗಿದ್ರೆ ಮುಖದ ಜಾಗದಲ್ಲಿ ಏನೂ ಇಲ್ಲ. ಮೊದಮೊದಲು ನಿದ್ದೆಗಣ್ಣು ಅಂದ್ಕೊಂಡೆ. ಈಗ ಹಗಲಲ್ಲೂ ಹಾಗೇ ಆಗುತ್ತೆ. ಹೆದರಿಕೆ ಆಗುತ್ತೆ ನಂಗೆ."

"ಮನೇಲಿ ಆಲ್ಬಮ್ ಇತ್ತಲ್ಲ?"

"ಮೇಲ್ಮನೆಯವರ ನೀರಿನ ಟ್ಯಾಂಕು ಒಡೆದು ನನ್ನ ಬೀರು ತುಂಬಾ ನೀರಾಯ್ತಲ್ಲ, ಅವತ್ತೇ ಹೋಯ್ತು. ಎಲ್ಲಾ ಅಂಟ್ಕೊಂಡು ಇಟ್ಟಿಗೆ ಥರ ಆಗಿತ್ತು. ಬಿಡಿಸಕ್ಕೆ ಹೋದೆ, ಕಾಗದ ಉಳೀತು, ಮುಖ ಕಿತ್ಕೊಂಡು ಬಂತು. ಇನ್ನು ಉಳಿದಿರೋದು ನೀನು ತೆಗೆದದ್ದು ಒಂದೇ. ಪ್ರದರ್ಶನದಲ್ಲಿ ಅವರೂ ಇದ್ದಾರೆ ಅಂತ ನೀನೇ ತಾನೆ ಹೇಳಿದ್ದು?"

ಹೇಳಿದ್ದನಪ್ಪ, ಹೇಳಿದ್ದ. ಆರಿಸಿದ ಚಿತ್ರಗಳನ್ನು ಮ್ಯೂಸಿಯಮ್ಮಿನವರು ಅವನಿಗೆ ಫೋನಿನಲ್ಲಿ ಕಳಿಸಿದಾಗ, ಉಗುರಿನಷ್ಟಿದ್ದ ಆ ಸಾಲಿನಲ್ಲಿ ಭಾವನೂ ಇದ್ದಾನೆ ಎಂದು ಅಂದಾಜಿನಲ್ಲೇ ಬೀದಿಗೆಲ್ಲ ಸಾರಿದ್ದ. "ಅಷ್ಟೇ ತಾನೆ? ಅದಕ್ಯಾಕೆ ಇಷ್ಟು ಸಂಕಟ ಪಡ್ತೀಯ?" ಎಂದ ಧಾರಾಳವಾಗಿ. "ಭಾವನ ಫೋಟೋ ನಾನು ತೆಗೆದದ್ರಲ್ಲೇ ನಂಬರ್ ಒನ್. ನೋಡ್ತಿರು, ಎದುರಿಗೆ ಬಂದು ನಿಂತ ಹಾಗಿರುತ್ತೆ." ಬಸ್ಸು ಬಂತು. ಅಕ್ಕ ಹತ್ತುವಾಗ ಮೆಟ್ಟಿಲು ಎತ್ತರವಾಯಿತೆಂದು ಬೈದಳು, ಕೂತ ಮೇಲೆ ಸೀಟು ತಗ್ಗಾಯಿತೆಂದು ಬೈದಳು.

ಮ್ಯೂಸಿಯಮ್ಮು ಇದ್ದದ್ದು ಹಳೆಯ ಪುರಸಭೆ ಕಚೇರಿಯಲ್ಲಿ. ನಲ್ಲಿ ನೀರಿಗಾಗಿ ಅರ್ಜಿ ಹಿಡಿದು ಜನ ಕಾಲು ಸವೆಸಿದ ಅದೇ ಕಟ್ಟಡ, ಸುಣ್ಣ ಬಳಿದುಕೊಂಡು ಈಗ ಪರಂಪರೆಯಾಗಿತ್ತು. ಒಳಗೆ ಸೀಮೆಎಣ್ಣೆ ದೀಪ, ಕೈಪಂಪು, ಕಬ್ಬಿಣದ ಇಸ್ತ್ರಿಪೆಟ್ಟಿಗೆ, ಕಿವಿ ಹಿಂಡಿದರೆ ಕೂಗುವ ರೇಡಿಯೋ. ಆ ದೀಪದ ಹೊಗೆಗೆ ಕೆಮ್ಮಿ ಕೆಮ್ಮಿ ಅದನ್ನು ಶಪಿಸಿದ ಮುದುಕರೇ ಈಗ ಅದರ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. "ಎಂಥಾ ಕಾಲ ಅದು!" ಎನ್ನುತ್ತಿದ್ದರು ಒಬ್ಬರಿಗೊಬ್ಬರು. ಎಂಥಾ ಕಾಲ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ.

ಒಂದು ಮೂಲೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರಕ್ಕೆ ಸುತ್ತ ಕೆಂಪು ಹಗ್ಗ ಕಟ್ಟಿದ್ದರು. ಅಕ್ಕ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇವತ್ತು ಬೆಳಿಗ್ಗೆ ಇದ್ರಲ್ಲೇ ಎರಡು ಅಂಗಿ ಹೊಲಿದಿಟ್ಟು ಬಂದೆ. ಇದು ಹಳೇ ಕಾಲದ್ದು ಅಂದ್ರೆ ನಾನ್ಯಾವ ಕಾಲದವಳು? ನನ್ನನ್ನೂ ಪಕ್ಕದಲ್ಲಿ ಕೂರಿಸಿ ಹಗ್ಗ ಕಟ್ಟಿಬಿಡ್ಲಿ."

"ಸುಮ್ನಿರು ಅಕ್ಕ, ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ ಬಿಡು, ನೋಡಕ್ಕೆ ತಾನೆ ಬಂದಿರೋದು. ನಡಿ, ಅವರೆಲ್ಲಿದ್ದಾರೆ ತೋರ್ಸು."

ಮುಖಗಳ ಕೋಣೆ ಮಹಡಿಯ ಮೇಲಿತ್ತು. ಬಾಗಿಲಲ್ಲೇ ಫಲಕ. ಅಲ್ಲಾಡ್ಬೇಡಿ ಕನ್ನಡಕ ಒರೆಸಿಕೊಂಡು ತನ್ನ ಹೆಸರಿಗಾಗಿ ಓದಿದ. ‘ಸ್ಥಳೀಯ ಛಾಯಾಗ್ರಾಹಕರೊಬ್ಬರ ಸಂಗ್ರಹದಿಂದ’ ಎಂದಿತ್ತು. ಇನ್ನೊಮ್ಮೆ ಓದಿದ, ಅಕ್ಷರಗಳು ಬದಲಾಗಲಿಲ್ಲ. "ಒಬ್ಬರು ಅಂದ್ರೆ ನಾನೇ" ಎಂದು ಅಕ್ಕನಿಗೆ ವಿವರಿಸಿದ. ಅಕ್ಕ ಆಗಲೇ ಒಳಗೆ ಹೋಗಿದ್ದಳು.

ಒಳಗೆ ಮ್ಯೂಸಿಯಮ್ಮಿನ ಗೈಡ್ ಹುಡುಗಿ, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು, ಬಂದವರಿಗೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಳು. "ಗಮನಿಸಿ, ಅಂದಿನ ನಮ್ಮೂರಿನ ಗಂಡಸರಿಗೆ ಕಪ್ಪು ಕೋಟಿನ ಮೇಲೆ ಬಹಳ ಒಲವಿತ್ತು. ಶ್ರೀಮಂತ ಬಡವ ಎನ್ನದೆ ಎಲ್ಲರೂ ಕೈಗಡಿಯಾರ ಕಟ್ಟುತ್ತಿದ್ದರು, ಕಾಲದ ಬೆಲೆ ಅಷ್ಟು ಗೊತ್ತಿತ್ತು. ಮುಖದ ಕಾಂತಿ ನೋಡಿ, ಒಬ್ಬರಿಗೂ ಒಂದು ಮಚ್ಚೆ ಇಲ್ಲ, ಕಲೆ ಇಲ್ಲ. ಶುದ್ಧ ಗಾಳಿ, ಶುದ್ಧ ಆಹಾರ! ಮುಖಗಳ ಹೋಲಿಕೆ ನೋಡಿದರೆ ಇವರೆಲ್ಲ ಒಂದೇ ಮೂಲದ ಕುಟುಂಬಗಳಿಂದ ಬಂದವರಿರಬೇಕು ಎಂದು ಸಂಶೋಧಕರು ಅಭಿಪ್ರಾಯಪಡುತ್ತಾರೆ."

ಜನ ಹೌದ್ಹೌದು ಎಂದು ತಲೆಯಾಡಿಸಿದರು. ಮುದುಕರೊಬ್ಬರಂತೂ ಈಗಿನ ಗಾಳಿಯನ್ನು ಅಲ್ಲೇ ನಿಂತು ಬೈದರು. ಆ ಶುದ್ಧ ಗಾಳಿ ಶುದ್ಧ ಆಹಾರ ಎರಡೂ ತಾನೇ ಎಂದು ಕೂಗಿ ಹೇಳಬೇಕೆನ್ನಿಸಿತು ಅಲ್ಲಾಡ್ಬೇಡಿಗೆ. ಆದರೆ ಹೇಳಿದರೆ ಇಷ್ಟು ಚಂದದ ಹೊಗಳಿಕೆ ಹಾಳಾಗುತ್ತದಲ್ಲ ಎಂದು ನುಂಗಿಕೊಂಡ.

"ಎಲ್ಲಿ?" ಎಂದಳು ಅಕ್ಕ.

ಗೋಡೆಯ ಉದ್ದಕ್ಕೂ ಗೃಹಸ್ಥರು ಕೂತಿದ್ದರು. ಅದೇ ಕೋಟು, ಅದೇ ಗಡಿಯಾರ, ತೊಡೆಯ ಮೇಲೆ ಅದೇ ಎಡಗೈ, ಹಿಂದೆ ಅದೇ ಕೊಳ, ಒಂದೇ ಹಂಸ. ಪ್ರತಿಯೊಬ್ಬನ ಕೆಳಗೂ ‘ಅಪರಿಚಿತ ಗೃಹಸ್ಥ’ ಎಂಬ ಚೀಟಿ. ಅಲ್ಲಾಡ್ಬೇಡಿ ಠೀವಿಯಿಂದ ಹೋಗಿ ಒಂದು ಚಿತ್ರದ ಮುಂದೆ ನಿಂತು ಕೈ ಚಾಚಿದ.

"ಇಗೋ, ಭಾವ!"

ಅಕ್ಕ ನೋಡಿದಳು. "ಇವರಾ?"

"ಹೌದು. ಅಲ್ಲ ಅಲ್ಲ, ಇರು. ಇದು ಪೋಸ್ಟ್‌ಮ್ಯಾನು ಇರ್ಬೇಕು. ಭಾವ ಈ ಪಕ್ಕದವರು."

"ಇವರಾ?"

"ಅಥವಾ… ಆ ಕಿಟಕಿ ಹತ್ರ ಇರೋರು."

"ಲೋ, ನನ್ನ ಗಂಡನ್ನ ತೋರ್ಸು ಅಂದ್ರೆ ಊರಿನ ಗಂಡಸರನ್ನೆಲ್ಲಾ ತೋರಿಸ್ತೀಯಲ್ಲೋ!"

ಹಿಂದೆ ಯಾರೋ ನಕ್ಕರು. ಅಲ್ಲಾಡ್ಬೇಡಿಯ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಈ ತುದಿಯಿಂದ ಆ ತುದಿಗೆ ಹೋದ, ಆ ತುದಿಯಿಂದ ಈ ತುದಿಗೆ ಬಂದ. ಎಲ್ಲರ ಕೆನ್ನೆಯೂ ನುಣುಪು, ಎಲ್ಲರ ಹಣೆಯೂ ಹೊಳಪು, ಎಲ್ಲರ ತಲೆಯಲ್ಲೂ ದಟ್ಟ ಕೂದಲು. ಒಬ್ಬೊಬ್ಬರ ಮುಖದ ಮೇಲೂ ದಿನಗಟ್ಟಲೆ ಕಣ್ಣು ನೆಟ್ಟು ಕೂತಿದ್ದವನಿಗೆ ಅವರಲ್ಲಿ ಒಬ್ಬನ ಗುರುತೂ ಸಿಗಲಿಲ್ಲ. ಸ್ವಂತ ಭಾವನದ್ದೂ ಸಿಗಲಿಲ್ಲ.

ಅಕ್ಕ ಅವನಿಗಾಗಿ ಕಾಯಲಿಲ್ಲ. ಮೂಗು ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ, ಮುಖಗಳನ್ನು ಬಿಟ್ಟು ಕೊರಳಿನ ಕೆಳಗೆ ಅಂಗಿಗಳನ್ನು ನೋಡುತ್ತಾ ಒಬ್ಬೊಬ್ಬರನ್ನೇ ದಾಟತೊಡಗಿದಳು. "ಇದು ರೆಡಿಮೇಡು… ಇದ್ಯಾವನೋ ಕುರುಡ ಹೊಲಿದದ್ದು… ಇದಕ್ಕೆ ಗುಂಡಿಯೇ ಸರಿಯಿಲ್ಲ…" ಎಂದು ಗೊಣಗುತ್ತಾ ಹೋದವಳು, ಬಾಗಿಲ ಪಕ್ಕದ ಗೃಹಸ್ಥನ ಎದುರು ಗಕ್ಕನೆ ನಿಂತಳು. ಕೋಟಿನ ಮೇಲೆ ಇಣುಕಿದ ಅಂಗಿಯ ಕಾಲರಿನ ತುದಿಯಲ್ಲಿ, ಕಡಲೆಕಾಳಿನಷ್ಟು ಜಾಗದಲ್ಲಿ, ನೇಯ್ಗೆ ಓರೆಯಾಗಿತ್ತು.

"ಇದು ನಾನು ಹಾಕಿದ ರಫು," ಎಂದಳು. ಧ್ವನಿ ಬೇರೆಯಾಗಿತ್ತು. "ಫೋಟೋಗೆ ಹೋಗೋ ಅವಸರದಲ್ಲಿ ತಾವೇ ಇಸ್ತ್ರಿ ಹಾಕಕ್ಕೆ ಹೋಗಿ ಕಾಲರ್ ಸುಟ್ಕೊಂಡ್ರು. ಅಂಗಿಯ ಕೆಳಗಿನ ಅಂಚಿಂದ ದಾರ ಎಳೆದು ತುಂಬಿದ್ದೆ. ಇದು ಅವರ ಅಂಗಿ."

ನಿಧಾನಕ್ಕೆ ಕತ್ತೆತ್ತಿ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಅಲ್ಲಾಡ್ಬೇಡಿ ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಂತಿದ್ದ.

"ಅಂಗಿ ಅವರದ್ದೇ," ಎಂದಳು ಅಕ್ಕ. "ಒಳಗಿರೋದು ಯಾರು?"

"ಭಾವನೇ ಅಕ್ಕ. ಅಂಗಿ ಅವರದ್ದು ಅಂದ್ಮೇಲೆ ಅವರೇ. ಸ್ವಲ್ಪ ಚೆನ್ನಾಗಿ ಕಾಣ್ಲಿ ಅಂತ ನಾನು…"

"ಚೆನ್ನಾಗಿರೋರನ್ನ ನಾನ್ಯಾವಾಗ ಕೇಳಿದ್ದೆ ನಿನ್ನ?"

ಅಕ್ಕ ಕೋಣೆಯ ನಡುವಿನ ಬೆಂಚಿನ ಮೇಲೆ ಕುಸಿದು ಕೂತಳು. ಬೈದಿದ್ದರೆ ಅವನಿಗೆ ಎಷ್ಟೋ ಹಾಯೆನ್ನಿಸುತ್ತಿತ್ತು, ಬೈಗುಳದ ಅಭ್ಯಾಸವಿತ್ತು. ಅವಳು ಬೈಯಲಿಲ್ಲ, ಅತ್ತಳು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಸದ್ದಿಲ್ಲದೆ, ಯಾರು ನೋಡಿದರೂ ಲೆಕ್ಕಿಸದೆ ಅತ್ತಳು. "ಮನೇಲಿ ನೀರು ಕಿತ್ಕೊಂಡು ಹೋಯ್ತು. ಇಲ್ಲಿ ನೀನು ಕಿತ್ಕೊಂಡಿದೀಯ," ಎಂದಳು. "ಇನ್ನೆಲ್ಲೂ ಇಲ್ಲ ಅವರು." ತನ್ನ ಕೈಯನ್ನು ಯಾರಾದರೂ ಕಡಿದುಹಾಕಬಾರದೇ ಎನ್ನಿಸಿತು ಅಲ್ಲಾಡ್ಬೇಡಿಗೆ. ಹತ್ತಿರ ಕೂರಲು ಧೈರ್ಯ ಸಾಲದೆ ಬೆಂಚಿನ ತುದಿಗೆ ಅಂಟಿಕೊಂಡು ಕೂತ.

ಏನಾದರೂ ಹೇಳಬೇಕಲ್ಲ ಎಂದು, ಹೇಳಬಾರದ್ದನ್ನೇ ಹೇಳಿದ. "ಹೋಗ್ಲಿ ಅಕ್ಕ, ಕಣ್ಣಾದ್ರೂ ಭಾವಂದೇ ಅಲ್ವಾ? ಆ ಕಣ್ಣು ನೋಡು."

ಅಕ್ಕ ಕನ್ನಡಕ ಏರಿಸಿದಳು. "ಎಲ್ಲಿ ಅವರದ್ದು? ಅವರ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿರ್ತಿತ್ತು. ಎದ್ದಿದಾರೋ ಮಲಗಿದಾರೋ ಗೊತ್ತಾಗ್ತಿರ್ಲಿಲ್ಲ. ಇವನು ನೋಡು, ಎರಡೂ ಕಣ್ಣು ಗೂಬೆ ಥರ ತೆರ್ಕೊಂಡು…"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ರೆಪ್ಪೆ ಇಳಿದಿತ್ತು," ಎಂದಳು ಅಕ್ಕ ಇನ್ನೊಮ್ಮೆ, ತಾನೇ ಹೇಳಿದ್ದನ್ನು ತಾನೇ ಕೇಳಿಸಿಕೊಳ್ಳುವವಳಂತೆ.

ಅಲ್ಲಾಡ್ಬೇಡಿಗೆ ಆ ಕ್ಷಣ ಹೊಳೆದದ್ದು ಬಹುಶಃ ಅವನ ಆಯುಷ್ಯದಲ್ಲೇ ಹೊಳೆದ ಒಂದೇ ಒಳ್ಳೆಯ ಯೋಚನೆ. ಗಂಡನ ಮುಖ ಹೇಗಿತ್ತು ಎಂದು ಕೇಳಿದರೆ ಅಕ್ಕನಿಗೆ ನೆನಪಿಗೆ ಬಾರದು. ಆದರೆ ಯಾವುದನ್ನಾದರೂ ಮುಂದಿಟ್ಟು ಇದರಲ್ಲಿ ತಪ್ಪು ಹುಡುಕು ಎಂದರೆ? ಅದರಲ್ಲಿ ಅವಳನ್ನು ಮೀರಿಸುವವರು ಭೂಮಿಯ ಮೇಲಿಲ್ಲ. ಕೆಳಗಿನ ಕೌಂಟರಿನಲ್ಲಿ ಗೋಡೆಯ ಪ್ರತಿಯೊಬ್ಬ ಗೃಹಸ್ಥನ ಚಿತ್ರದ ಕಾರ್ಡನ್ನೂ ಮಾರುತ್ತಿದ್ದರು. ಮೆಟ್ಟಿಲನ್ನು ಎರಡೆರಡಾಗಿ ಇಳಿಯುವ ವಯಸ್ಸಲ್ಲ, ಆದರೂ ಇಳಿದ. ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು, ಇಲ್ಲಿ ಸಾಸಿವೆಯಷ್ಟಾಗಿದ್ದ ಕಾಲರಿನ ಓರೆ ನೇಯ್ಗೆ ಹುಡುಕಿ ಅದೇ ಕಾರ್ಡು ತಂದ. ಪೆನ್ಸಿಲು ಬೇಕಿತ್ತು. ಕೋಣೆಯ ಮೂಲೆಯಲ್ಲಿ, ನೋಡಿದವರು ಅಭಿಪ್ರಾಯ ಬರೆಯಲೆಂದು ಇಟ್ಟ ಮೇಜಿನ ಮೇಲೆ ಒಂದಿತ್ತು, ಕದ್ದುಕೊಂಡು ಹೋಗದಂತೆ ದಾರದಿಂದ ಕಟ್ಟಿದ್ದರು. ಆದ್ದರಿಂದ ಅಕ್ಕತಮ್ಮ ಇಬ್ಬರೂ ಆ ಮೇಜಿಗೇ ಬಂದು ಬಗ್ಗಿ ನಿಂತರು.

"ಹೇಳು ಅಕ್ಕ. ಏನೇನು ಸರಿಯಿಲ್ಲ?"

"ಏನು ಸರಿಯಿದೆ ಅಂತ ಕೇಳು! ಮೊದ್ಲು ರೆಪ್ಪೆ ಇಳಿಸು. ಅಷ್ಟಲ್ಲ, ಕುಡಿದೋನ ಥರ ಮಾಡ್ಬೇಡ. ಹಾಂ, ಅಷ್ಟೇ. ಮೂಗೇನು ಇಷ್ಟು ನೆಟ್ಟಗಿದೆ? ಆ ಪಕ್ಕ ವಾಲಿತ್ತು. ನೆರಳು ಹಾಕು ಅಲ್ಲಿ. ಕೆನ್ನೆ ಮೇಲೆ ಸಿಡುಬಿನ ಗುಂಡಿ ಎಲ್ಲಿ? ಒಂದಲ್ಲ, ಪಕ್ಕದಲ್ಲಿ ಇನ್ನೊಂದು. ಗಲ್ಲದಲ್ಲಿ ಹೊಲಿಗೆ ಹಾಕಿದ ಕಲೆ. ಆ ಡಾಕ್ಟರ್ ಹೊಲಿಗೆ ನೋಡಿದ್ರೆ ನಂಗೆ ಮೈಯೆಲ್ಲಾ ಉರಿತಿತ್ತು, ಅಷ್ಟು ಕೆಟ್ಟದಾಗಿ ಹೊಲ್ದಿದ್ದ. ಹಾಗೇ ಹಾಕು, ಕೆಟ್ಟದಾಗೇ ಹಾಕು."

ಅವನು ಹಾಕಿದ. ನೆಗೆಟಿವ್ ಮೇಲಾದರೆ ಅಳಿಸುವ ಪೆನ್ಸಿಲು ಕಾಗದದ ಮೇಲೆ ಕಲೆಯನ್ನು ಕಲೆಯಾಗಿಯೇ ಮೂಡಿಸುತ್ತದೆ. ಕಲೆಗಳು ಒಂದೊಂದಾಗಿ ಬೀಳುತ್ತಿದ್ದಂತೆ ಅವನಿಗೂ ಭಾವನ ಗುರುತು ಹತ್ತತೊಡಗಿತು. ಪಂಪ್‌ಹೌಸಿನ ಕೆಲಸ ಮುಗಿಸಿ ಸ್ಟುಡಿಯೋಗೆ ಬಂದು, ಮಾತಿಲ್ಲದೆ ಒಂದು ಮೂಲೆಯಲ್ಲಿ ಕೂತು ಎದ್ದು ಹೋಗುತ್ತಿದ್ದ ಆ ಮನುಷ್ಯ. ಒಳ್ಳೆಯವನಾಗಿದ್ದ.

ಅಭಿಪ್ರಾಯ ಬರೆಯಲು ಹಿಂದೆ ಸಾಲು ಬೆಳೆದಿತ್ತು. ಗೈಡ್ ಹುಡುಗಿ ಧಾವಿಸಿ ಬಂದಳು. "ಸರ್, ಏನ್ ಮಾಡ್ತಿದೀರ? ಪರಂಪರೆಯ ಚಿತ್ರದ ಮೇಲೆ ಹಾಗೆಲ್ಲ ಗೀಚಬಾರದು!"

"ಇದು ಪರಂಪರೆ ಅಲ್ಲಮ್ಮ, ನನ್ನ ಗಂಡ," ಎಂದಳು ಅಕ್ಕ ತಲೆಯೆತ್ತದೆ. "ಸ್ವಲ್ಪ ಬೆಳಕು ಬಿಟ್ಟು ನಿಂತ್ಕೋ." ಹುಡುಗಿಯ ಬಾಯಿಪಾಠದಲ್ಲಿ ಇದಕ್ಕೆ ಉತ್ತರ ಇರಲಿಲ್ಲ, ಸರಿದು ನಿಂತಳು.

"ಹುಬ್ಬಿನ ನಡುವೆ ಒಂದು ಗೆರೆ," ಎಂದಳು ಅಕ್ಕ. "ಉದ್ದಕ್ಕೆ, ಆಳವಾಗಿ."

ಅಲ್ಲಾಡ್ಬೇಡಿ ಪೆನ್ಸಿಲು ಎತ್ತಿ ಹಿಡಿದು ಯೋಚಿಸಿದ. "ಅದು ನಾನು ಅಳಿಸಿದ್ದಲ್ಲ ಅಕ್ಕ. ಈ ಫೋಟೋ ತೆಗೆಯುವಾಗ ಅಲ್ಲಿ ಗೆರೆ ಇರ್ಲೇ ಇಲ್ಲ."

"ಗೊತ್ತು. ಆವಾಗಿನ್ನೂ ಮದುವೆಯಾದ ಹೊಸದು. ಅದು ಆಮೇಲೆ ಬಂದದ್ದು."

"ಯಾಕೆ ಬಂತು?"

"ಯಾಕೆ ಅಂದ್ರೆ? ದಿನಾ ನನ್ನ ಬಾಯಿ ಕೇಳಿ ಕೇಳಿ ಬಂತು. ಅದು ನಾನು ಹಾಕಿದ ಗೆರೆ. ಹಾಕು."

ಅವನು ಗೆರೆ ಎಳೆದ. ಅಕ್ಕ ಕಾರ್ಡನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹೇಳಲು ಇನ್ನೊಂದು ತಪ್ಪು ಹುಡುಕಿದಳು, ಸಿಗಲಿಲ್ಲ.

"ಇವರೇ," ಎಂದಳು. "ನೋಡು, ಬಂದು ಇನ್ನೂ ನಿಮಿಷ ಆಗಿಲ್ಲ, ಆಗ್ಲೇ ನನ್ನ ಮೇಲೆ ಮುಖ ಗಂಟು ಹಾಕ್ಕೊಂಡ್ರು."